ಮೂಟೆಗೊಂದು ಪಟ್ಟೆ, ಮನುಷ್ಯರಿಗೊಂದು ಪಟ್ಟೆ

ಬಡವನಹಳ್ಳಿಯಿಂದ ಮಧುಗಿರಿ ಕಡೆಗೆ ಹೊರಡುವ ರಸ್ತೆಯ ಬದಿಯಲ್ಲಿ, ತಗಡಿನ ಶೆಡ್ಡೊಂದರ ಮುಂದೆ ಪಿಕಪ್ ಗಾಡಿ ನಿಂತಿದೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಾಡಿಯ ತುಂಬ ಹೆಂಗಸರು. ತಲೆಗೆ ಟವೆಲು ಬಿಗಿದುಕೊಂಡು, ಮಡಿಲಲ್ಲಿ ಬುತ್ತಿ ಇಟ್ಟುಕೊಂಡು, ತೋವಿನಕೆರೆ ಕಡೆಯ ತೋಟಗಳಿಗೆ ಹೂ ಬಿಡಿಸಲು ಹೊರಟವರು. ಬಿಸಿಲೇರುವ ಮೊದಲು ಹೂ ಬುಟ್ಟಿಗೆ ಬೀಳದಿದ್ದರೆ ತೋಟದವರ ಮುಖ ಬಾಡುತ್ತದೆ. ಆದರೂ ಯಾರೂ ಅವಸರ ಮಾಡುತ್ತಿಲ್ಲ. ಗಾಡಿಯ ಹಿಂಭಾಗ ಎಷ್ಟು ಕುಸಿದಿದೆಯೆಂದರೆ ಮುಂದಿನ ದೀಪಗಳು ರಸ್ತೆ ಬಿಟ್ಟು ಎದುರಿನ ಹುಣಸೆಮರದ ಕೊಂಬೆಗಳನ್ನು ಬೆಳಗುತ್ತಿವೆ.

"ಯಾರೂ ಇಳೀಬ್ಯಾಡ್ರಮ್ಮ, ಕೂತಂಗೇ ಕೂತಿರಿ," ಎನ್ನುತ್ತಾ ಸಣ್ಣರಂಗಯ್ಯ ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ಚಕ್ರಕ್ಕೂ ಅದರ ಮೇಲೆ ಜನ ಕೂತ ತೊಟ್ಟಿಗೂ ನಡುವಿನ ಸಂದಿಗೆ ಅಂಗೈ ಅಗಲಿಸಿ ಹಿಡಿಯುತ್ತಾರೆ. ಒಂದು ಗೇಣು ಹಿಡಿಸಬೇಕಾದ ಜಾಗದಲ್ಲಿ ಬೆರಳು ಮಡಿಸಿದ ಮುಷ್ಟಿಯೇ ಕಷ್ಟಪಟ್ಟು ಹೋಗುತ್ತಿದೆ. ಅವರು ಏಳುವುದಿಲ್ಲ. ಬಲಗಡೆಯಿಂದ ಒಮ್ಮೆ, ಎಡಗಡೆಯಿಂದ ಒಮ್ಮೆ ನೋಡುತ್ತಾರೆ, ಆಮೇಲೆ ಕತ್ತೆತ್ತಿ ಗಾಡಿಯಲ್ಲಿ ಕೂತ ಒಬ್ಬೊಬ್ಬರನ್ನೂ ನೋಡುತ್ತಾರೆ.

ಮುಂದಿನ ಕ್ಯಾಬಿನ್ನಿಗೆ ಒರಗಿ ಕೂತಿರುವ ಕಮಲಾಕ್ಷಮ್ಮನಿಗೆ ನಗು ತಡೆಯಲಾಗುವುದಿಲ್ಲ. ಊರಿನ ಮೇಲಿನ ಬೀದಿಯವರು, ಹೂ ಬಿಡಿಸುವ ಗುಂಪಿಗೆಲ್ಲ ಹಿರಿಯರು, ಬಾಯಿ ಜೋರು.

"ಏನ್ ರಂಗಯ್ಯ, ನಮ್ಮನ್ನೇ ತೂಕಕ್ಕೆ ಹಾಕ್ತಿದ್ದೀಯಾ?"

"ತೂಕ ಅಲ್ಲ ಕಣಮ್ಮ. ಯಾರ್ ಯಾರು ಎಲ್ಲೆಲ್ಲಿ ಕೂತಿದ್ದೀರಾ ಅಂತ ನೋಡ್ತಾ ಇವ್ನಿ."

ಹೆಂಗಸರೆಲ್ಲ ನಗುತ್ತಾರೆ. ನಗದೆ ಇರುವವರು ಒಬ್ಬರೇ. ಅವರು ಗಾಡಿಯಲ್ಲಿ ಇಲ್ಲ, ಶೆಡ್ಡಿನ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದಾರೆ. ಸೊಂಟಕ್ಕೆ ಬೆಲ್ಟು. ಅವರು ಪಾಪಕ್ಕ, ಸಣ್ಣರಂಗಯ್ಯನವರ ಹೆಂಡತಿ. ಒಂದು ಕಾಲಕ್ಕೆ ಇದೇ ಗಾಡಿಯಲ್ಲಿ, ಇದೇ ಹೆಂಗಸರ ಜೊತೆ ದಿನವೂ ಹೂವಿಗೆ ಹೋಗುತ್ತಿದ್ದವರು ಮೂರು ವರ್ಷಗಳಿಂದ ಯಾವ ಪಿಕಪ್ಪನ್ನೂ ಹತ್ತಿಲ್ಲ. ಈಗ ಮತ್ತೆ ಹೋಗಬೇಕೆಂಬ ಆಸೆ ಅವರಿಗಿದೆ. ಹತ್ತುವ ಧೈರ್ಯ ಬಂದಿಲ್ಲ. ಆ ಧೈರ್ಯ ಬರುವುದೂ ಬಾರದಿರುವುದೂ ಗಂಡ ಇವತ್ತು ಈ ಗಾಡಿಗೆ ಮಾಡುವ ಕೆಲಸದ ಮೇಲೆ ನಿಂತಿದೆ.

ಸಣ್ಣರಂಗಯ್ಯ ಮಾಡುವುದು ಕಮಾನು ಪಟ್ಟೆಯ ಕೆಲಸ. ಭಾರದ ಗಾಡಿಗಳ ಹಿಂದಿನ ಅಚ್ಚಿನ ಮೇಲೆ, ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಬಿಗಿದಿರುತ್ತಾರೆ. ಹೊತ್ತ ಭಾರವನ್ನೆಲ್ಲ ತಾಳುವುದು, ಹಳ್ಳದ ಕುಕ್ಕನ್ನು ನುಂಗುವುದು ಅವೇ. ಹೊರಲಾರದ್ದನ್ನು ಹೊತ್ತು ಹೊತ್ತು ಆ ಬಾಗು ಒಂದು ದಿನ ಚಪ್ಪಟೆಯಾಗುತ್ತದೆ, ಗಾಡಿ ಹಿಂದಕ್ಕೆ ಕುಸಿದು ಕೂರುತ್ತದೆ. ಹೊಸ ಗಾಡಿ ಕೊಳ್ಳುವವರಿಗೆ ಎಂಜಿನ್ನು ಗೊತ್ತು, ಟೈರು ಗೊತ್ತು, ಹಾಡು ಕೇಳುವ ಪೆಟ್ಟಿಗೆಯೂ ಗೊತ್ತು. ಪಟ್ಟೆ ಎಂಬುದೊಂದಿದೆ ಎಂದು ಗೊತ್ತಾಗುವುದು ಅದು ಮುರಿದಾಗಲೇ. ಅದನ್ನು ಕಟ್ಟುವವನ ಹೆಸರಂತೂ ಆಗಲೂ ಗೊತ್ತಾಗುವುದಿಲ್ಲ.

ಹೆಂಗಸರನ್ನು ತೋಟಕ್ಕೆ ಬಿಟ್ಟು, ಬಿಸಿಲು ಬರುವ ಹೊತ್ತಿಗೆ ಗಾಡಿಯ ಮಾಲೀಕ ಯುವರಾಜ್ ಖಾಲಿ ಪಿಕಪ್ ಓಡಿಸಿಕೊಂಡು ಮತ್ತೆ ಶೆಡ್ಡಿಗೆ ಬರುತ್ತಾರೆ. ಮೂವತ್ತು ದಾಟಿದ ಹುರುಪಿನ ಮನುಷ್ಯ. ಬೆಳಿಗ್ಗೆ ಹೂವಿನ ಹೆಂಗಸರು, ಹಗಲು ಸಿಮೆಂಟು, ಹುಣಸೆ ಸುಗ್ಗಿ ಬಂದರೆ ತುಮಕೂರಿಗೆ ಮೂಟೆ. ಸರಕಿನ ಗಾಡಿಯಲ್ಲಿ ಜನ ಕೂರಬಾರದು ಎಂಬ ಕಾನೂನು ಬಡವನಹಳ್ಳಿಯ ಎಲ್ಲರಿಗೂ ಗೊತ್ತು. ಆ ಹೊತ್ತಿಗೆ ಆ ದಾರಿಗೆ ಬಸ್ಸಿಲ್ಲ ಎಂಬುದು ಕೂಡ ಎಲ್ಲರಿಗೂ ಗೊತ್ತು.

"ರಂಗಣ್ಣ, ಜಾಸ್ತಿ ತಲೆ ಕೆಡಿಸ್ಕಬ್ಯಾಡ. ಹಿಂದೆ ತೆಗೆದಿಟ್ಟಿದ್ದೀಯಲ್ಲ ಎರಡು ಪಟ್ಟೆ, ಅವನ್ನೇ ವಾಪಸ್ ಹಾಕ್ಬುಡು. ಇನ್ನೊಂದ್ ವಾರಕ್ಕೆ ಹುಣಸೆ ಮೂಟೆ ಶುರು."

"ಅವನ್ನ ಹಾಕಲ್ಲ."

"ಹೈವೇಲಿ ಅರ್ಧ ಗಂಟೇಲಿ ಹಾಕ್ಕೊಡ್ತಾರೆ."

"ಗೊತ್ತು ಕಣಪ್ಪ. ಅಲ್ಲಿಗೇ ಓಗಂಗಿದ್ರೆ ಓಗು. ನನ್ ಕೈಲಿ ಆಗ್ಬೇಕಂದ್ರೆ ಸಂಜೆವರ್ಗೂ ಬೇಕು."

ಯುವರಾಜ್ ಹೋಗುವುದಿಲ್ಲ. ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಆ ಎರಡು ಪಟ್ಟೆಗಳ ಕಥೆ ಅವರಿಗೂ ಗೊತ್ತಿರುವುದರಿಂದ ಹೆಚ್ಚು ಮಾತು ಬೇಕಾಗುವುದಿಲ್ಲ.

ಮೂರು ವರ್ಷದ ಹಿಂದಿನ ಹುಣಸೆ ಸುಗ್ಗಿ. ಮೂಟೆ ಪೇರಿಸಿದರೆ ಗಾಡಿ ಕುಸಿಯುತ್ತದೆ, ಏನಾದರೂ ಮಾಡು ಎಂದು ಯುವರಾಜ್ ದುಂಬಾಲು ಬಿದ್ದರು. ಸಣ್ಣರಂಗಯ್ಯ ಎರಡೂ ಕಡೆಗೆ ಒಂದೊಂದು ದಪ್ಪ ಪಟ್ಟೆಯನ್ನು ಉಳಿದವುಗಳ ಜೊತೆಗೇ ಸೇರಿಸಿ ಬಿಗಿದರು. ಮೂಟೆ ಹೇರಿದ ಗಾಡಿ ಎದೆ ಸೆಟೆಸಿ ನಿಂತಿತು. ಯುವರಾಜ್ ಖುಷಿಯಾದರು, ಸಣ್ಣರಂಗಯ್ಯನವರೂ ಖುಷಿಯಾದರು. ಅದೇ ಗಾಡಿಯಲ್ಲಿ ಮಾರನೆಯ ಬೆಳಿಗ್ಗೆ ಮೂಟೆಗಳ ಬದಲು ಹೆಂಗಸರು ಕೂತರು. ಮೂಟೆಯ ಭಾರಕ್ಕೆಂದು ಬಿಗಿದ ಪಟ್ಟೆ ಹೆಂಗಸರ ಭಾರಕ್ಕೆ ಬಗ್ಗಲೇ ಇಲ್ಲ. ಮಧುಗಿರಿ ದಾಟಿದ ಮೇಲೆ ಸಿಕ್ಕ ಹಂಪಿನಲ್ಲಿ ಗಾಡಿ ಒದ್ದಿತು. ತೀರಾ ತುದಿಯಲ್ಲಿ ಕೂತಿದ್ದ ಪಾಪಕ್ಕ ಮೇಲಕ್ಕೆ ಹಾರಿ, ಕಬ್ಬಿಣದ ಅಂಚಿನ ಮೇಲೆ ಸೊಂಟ ಊರಿ ಬಿದ್ದರು.

"ಮೂಟೆ ಆಗಿದ್ರೆ ಮಾತಾಡಲ್ಲ," ಎಂದು ನಮ್ಮ ಕಡೆ ತಿರುಗಿ ಹೇಳುತ್ತಾರೆ ಸಣ್ಣರಂಗಯ್ಯ. "ಮೂಟೆಗೆ ಸ್ವಾಂಟ ಇಲ್ಲ. ನಾನು ಗಾಡೀಲಿ ಏನ್ ಓಯ್ತದೆ ಅಂತ ಒಂದೇ ಕೇಳ್ದೆ, ಹುಣಸೆ ಅಂದ್ರು. ಇನ್ನೇನ್ ಓಯ್ತದೆ ಅಂತ ಕೇಳ್ಲಿಲ್ಲ. ನನ್ ಹೆಂಡ್ತೀನೇ ಅದ್ರಾಗೆ ಓಯ್ತಾಳೆ ಅನ್ನೋದು ನನ್ ತಲೇಗೇ ಬರ್ಲಿಲ್ಲ ನೋಡಿ."

ಹೇಳುವಾಗ ಅವರ ದನಿ ಇಳಿಯುತ್ತದೆ. ಪಾಪಕ್ಕ ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಸಣ್ಣರಂಗಯ್ಯ ಯುವರಾಜರ ಗಾಡಿಯನ್ನು ಎಳೆದು ತಂದು ಎರಡೂ ಪಟ್ಟೆಗಳನ್ನು ಬಿಚ್ಚಿ ಮೂಲೆಗೆ ಎಸೆದರು. ಆದರೆ ಹುಣಸೆ ಮೂಟೆಗಳು ನಿಲ್ಲಲಿಲ್ಲ. ಉಳಿದ ಪಟ್ಟೆಗಳು ಎರಡು ಸುಗ್ಗಿ ಹೊತ್ತು, ಮೂರನೆಯದರ ಹೊಸ್ತಿಲಲ್ಲಿ ಹೀಗೆ ಮಲಗಿವೆ.

ಸಣ್ಣರಂಗಯ್ಯ ಹುಟ್ಟಿದ್ದು ಬಡವನಹಳ್ಳಿಯ ಕಾಲೋನಿಯಲ್ಲಿ. ಮೀಸೆ ಮೂಡುವ ಮೊದಲೇ ಶಿರಾಕ್ಕೆ ಹೋಗಿ ಬುಡೇನ್ ಸಾಬರ ಪಟ್ಟೆ ಅಂಗಡಿ ಸೇರಿದರು. ಲಾರಿಗಳ ಕಾಲ ಅದು. ದೊಡ್ಡ ಸುತ್ತಿಗೆ ಎತ್ತುವ ಕೆಲಸ ಕೊಡುತ್ತಾರೆ ಎಂದುಕೊಂಡವರಿಗೆ ಉಸ್ತಾದರು ಮೊದಲು ಕೊಟ್ಟಿದ್ದು ಕೇಳುವ ಕೆಲಸ. ಬಿಚ್ಚಿದ ಪಟ್ಟೆಯನ್ನು ನೇತುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಪಟ್ಟೆ ಗಂಟೆಯ ಹಾಗೆ ನುಡಿಯುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ದನಿ ಒಡೆಯುತ್ತದೆ. ಹೊಡೆಯಲು ಕೈ ಹಾಕಿದರೆ ಉಸ್ತಾದರು "ಆಹಿಸ್ತಾ, ಆಹಿಸ್ತಾ, ನಿಧಾನ" ಎಂದು ತಡೆಯುತ್ತಿದ್ದರು.

"ಮದ್ಯಾನ ಊಟಕ್ಕೆ ಒಂದೇ ದೊಡ್ಡ ತಟ್ಟೆ. ಉಸ್ತಾದ್ರು ನನ್ನ ಪಕ್ದಾಗೆ ಕೂರಿಸ್ಕೊಂಡು ಉಣ್ಣೋರು. ನಮ್ಮೂರಾಗೆ ಅಂಗೆ ಯಾರೂ ನಂಗೆ ಜಾಗ ಕೊಟ್ಟಿರ್ಲಿಲ್ಲ," ಎಂದು ಸಣ್ಣರಂಗಯ್ಯ ನೆನೆಯುತ್ತಾರೆ. ಉಸ್ತಾದರು ತೀರಿಕೊಂಡ ಮೇಲೆ ಊರಿಗೆ ಬಂದು ಈ ಶೆಡ್ಡು ಹಾಕಿದರು. ಸುತ್ತಿಗೆ ಏಟು ಕೇಳಿ ಕೇಳಿ ಎಡಗಿವಿ ಮಂದವಾಗಿದೆ. ಪಟ್ಟೆ ತಟ್ಟುವಾಗ ಈಗ ಬಲಗಿವಿಯನ್ನು ಹತ್ತಿರ ತರುತ್ತಾರೆ. ಬಲಗೈಯ ತೋರುಬೆರಳು ಒಮ್ಮೆ ಜಾರಿದ ಬೋಲ್ಟಿಗೆ ಸಿಕ್ಕು, ಅಂದಿನಿಂದ ನೆಟ್ಟಗಾಗುವುದಿಲ್ಲ.

ದಿನಕ್ಕೆ ಎರಡು ಗಾಡಿ ಬಂದರೆ ಹೆಚ್ಚು. ಕೊರಟಗೆರೆಯಿಂದ ಕಲ್ಲು ಹೇರುವವರು, ಶಿರಾದಿಂದ ಶೇಂಗಾ ಹೇರುವವರು, ಪಾವಗಡದ ರಾಯಚರ್ಲು ಕಡೆಯಿಂದ ಸೋಲಾರ್ ಪಾರ್ಕಿಗೆ ನೀರು ಹೊಡೆಯುವವರು. ಎಲ್ಲರದೂ ಒಂದೇ ಬೇಡಿಕೆ, ಇನ್ನೊಂದು ಪಟ್ಟೆ ಹಾಕು. "ಇಂಕೊಕ ಪಟ್ಟೆ ವೇಯಿ ಅನ್ನಾ, ಟ್ಯಾಂಕು ಪೂರಾ ತುಂಬ್ತೀವಿ" ಎಂದು ಪಾವಗಡದ ಚಾಲಕರು ತೆಲುಗು ಬೆರೆಸಿ ಗೋಗರೆಯುತ್ತಾರೆ. ಸಣ್ಣರಂಗಯ್ಯನವರದೂ ಈಗ ಒಂದೇ ಉತ್ತರ. ಗಾಡಿಯನ್ನು ತುಂಬಿಕೊಂಡು ಬನ್ನಿ, ದಿನವೂ ಏನು ಹೇರುತ್ತೀರೋ ಅದನ್ನೇ ಹೇರಿಕೊಂಡು ಬನ್ನಿ, ಜನ ಕೂರುವುದಿದ್ದರೆ ಜನರನ್ನೂ ಕೂರಿಸಿಕೊಂಡು ಬನ್ನಿ. ಈ ಗೋಳು ಯಾರಿಗೆ ಬೇಕು ಎಂದು ಅರ್ಧಕ್ಕರ್ಧ ಜನ ಹೈವೇ ಕಡೆಗೆ ತಿರುಗುತ್ತಾರೆ. ಅವರನ್ನು ಇವರು ಕರೆಯುವುದೂ ಇಲ್ಲ, ಬೈಯುವುದೂ ಇಲ್ಲ.

ಯುವರಾಜರ ಗಾಡಿ ಈಗ ಜಾಕಿನ ಮೇಲೆ ಏರಿದೆ. ತುಕ್ಕು ಹಿಡಿದ ನಟ್ಟುಗಳಿಗೆ ಡೀಸೆಲ್ ಹನಿಸಿ, ಬಿಡುವುದನ್ನೇ ಕಾದು, ಪಟ್ಟೆಗಳ ಕಟ್ಟನ್ನು ಕೆಳಗಿಳಿಸುತ್ತಾರೆ. ಒಂದೊಂದನ್ನೂ ಬಿಡಿಸಿ, ಉಜ್ಜಿ, ನೇತುಹಾಕಿ ತಟ್ಟುತ್ತಾರೆ. ಒಂದರ ದನಿ ಒಡೆದಿದೆ, ಅದು ಪಕ್ಕಕ್ಕೆ ಹೋಗಿ ಅದರ ಜಾಗಕ್ಕೆ ಬೇರೊಂದು ಬರುತ್ತದೆ. ಉಳಿದವನ್ನು ಕಬ್ಬಿಣದ ಅಡಿಗಲ್ಲಿನ ಮೇಲಿಟ್ಟು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಹದದಲ್ಲಿ ಸುತ್ತಿಗೆ ಹಾಕುತ್ತಾ ಹೋಗುತ್ತಾರೆ. ಬೆಂಕಿಗೆ ಇಡುವುದಿಲ್ಲ. ಬೆಂಕಿ ಕಂಡ ಪಟ್ಟೆ ಬೇಗ ಬಗ್ಗುತ್ತದೆ, ಬೇಗ ಮಲಗುತ್ತದೆ. ತಣ್ಣಗಿರುವ ಉಕ್ಕಿಗೆ ಏಟಿನ ಮೇಲೆ ಏಟು ಬಿದ್ದಾಗ ಕಳೆದುಹೋದ ಬಾಗು ನಿಧಾನವಾಗಿ ಹಿಂತಿರುಗುತ್ತದೆ.

ಕೊನೆಗೆ ಎಲ್ಲಕ್ಕಿಂತ ಕೆಳಗೆ ಹಾಕುವ ದಪ್ಪ ಪಟ್ಟೆಯ ಸರದಿ. ಹಿಂದೆ ಎಸೆದ ಎರಡು ಪಟ್ಟೆಗಳನ್ನು ಅವರು ಮುಟ್ಟುವುದಿಲ್ಲ. ಬೇರೆ ಜೋಡಿ ತಂದಿದ್ದಾರೆ. ಇದಕ್ಕೆ ಬಾಗು ಕಡಿಮೆ, ಹೆಚ್ಚುಕಡಿಮೆ ನೆಟ್ಟಗಿದೆ. ಮೇಲಿನ ಪಟ್ಟೆಗಳಿಗೂ ಇದರ ತುದಿಗಳಿಗೂ ನಡುವೆ ಸಂದಿ ಬಿಡುತ್ತಾರೆ. ಬೆಳಿಗ್ಗೆ ಹೆಂಗಸರಿಗೆ ಇಳಿಯಬೇಡಿ ಎಂದದ್ದು ಈ ಸಂದಿಯ ಅಳತೆಗಾಗಿ.

"ಹೆಂಗಸ್ರು ಅಷ್ಟೂ ಜನ ಕೂತ್ರೂ ಮೇಲಿನ್ ಪಟ್ಟೆ ಇದನ್ನ ಮುಟ್ಬಾರ್ದು. ಆವಾಗ ಇದು ಮಲಗಿರ್ಬೇಕು. ಮೂಟೆ ಬಿದ್ದಾಗ ಎದ್ದು ಹೆಗಲು ಕೊಡ್ಬೇಕು," ಎಂದು ಯುವರಾಜರಿಗೆ ವಿವರಿಸುತ್ತಾರೆ. "ಇದ್ರ ಮ್ಯಾಲೂ ಮೂಟೆ ಜಾಸ್ತಿ ಹಾಕಿದ್ರೆ ನಾನ್ ಜವಾಬ್ದಾರ ಅಲ್ಲ. ಪಟ್ಟೆ ಹೊರೋದು ಹೊರ್ತದೆ. ಅಚ್ಚು, ಬ್ರೇಕು ಅಂಗೇ ಇರ್ತದಲ್ಲ?"

ಬಿಗಿಯುವುದು ಮುಗಿದ ಮೇಲೆ ಗಾಡಿಯ ಕೆಳಗೆ ಮತ್ತೆ ತೂರಿ, ಹಿಂದಿನ ಬ್ರೇಕಿಗೆ ಗಾಡಿಯ ಭಾರ ಎಷ್ಟೆಂದು ತಿಳಿಸುವ ಸಣ್ಣ ಕಡ್ಡಿಯನ್ನೂ ಹೊಸ ಎತ್ತರಕ್ಕೆ ಸರಿಪಡಿಸುತ್ತಾರೆ. ಹಿಂಭಾಗ ಎತ್ತರಿಸಿ ಇದನ್ನು ಮರೆತರೆ, ತುಂಬಿದ ಗಾಡಿಯನ್ನೂ ಖಾಲಿ ಎಂದುಕೊಂಡು ಬ್ರೇಕು ಸಡಿಲ ಹಿಡಿಯುತ್ತದೆ.

ಸಂಜೆ ಕೈ ತೊಳೆದು, ಟವೆಲಿನಲ್ಲಿ ಒರೆಸಿಕೊಳ್ಳುತ್ತಾ ಅವರು ಯುವರಾಜರ ಎದುರು ಬಂದು ನಿಲ್ಲುತ್ತಾರೆ.

"ಪಟ್ಟೆ ಕೆಲ್ಸ ಮುಗೀತು. ಇದು ಬ್ಯಾರೆ ಮಾತು. ದಿನಾ ಮೊದ್ಲು ಮೇಲಿನ್ ಬೀದಿಗೆ ಓಯ್ತೀಯ, ಕೊನೇಗೆ ನಮ್ ಕಾಲೋನಿಗೆ ಬತ್ತೀಯ. ಮುಂದ್ಲು ಜಾಗ ತುಂಬೋಗಿರ್ತದೆ. ನಮ್ ಹೆಂಗಸ್ರು ಯಾವತ್ತೂ ತುದೀಲೇ ಕೂರ್ತಾರೆ. ಬೆಳಿಗ್ಗೆ ನೋಡ್ದೆ, ಒಬ್ರಾದ್ರೂ ಮುಂದ್ಲಾಗಿಲ್ಲ."

"ದಾರೀಲಿ ಕೊನೇಗೆ ಸಿಗೋದೇ ಕಾಲೋನಿ ಅಲ್ವಾ ರಂಗಣ್ಣ? ನಾನೇನ್ ಬೇಕೂಂತ ಮಾಡಿದ್ನಾ?"

"ಬೇಕೂಂತ ಮಾಡ್ದೆ ಅಂತ ನಾನೂ ಅನ್ಲಿಲ್ಲ. ಎಂಥಾ ಪಟ್ಟೆ ಕಟ್ಟಿದ್ರೂ ತುದಿ ತುದೀನೇ. ಕುಕ್ಕೋದು ಅಲ್ಲೇ ಜಾಸ್ತಿ. ಒಂದಿನ ಮೊದ್ಲು ನಮ್ ಕಡೆ ಬಾ, ಒಂದಿನ ಅವ್ರ ಕಡೆ ಓಗು. ಇದು ರಿಪೇರಿ ಲೆಕ್ಕಕ್ಕೆ ಬರಲ್ಲ ಅಂತ ನಂಗೂ ಗೊತ್ತು. ಆದ್ರೂ ಕೇಳ್ತಾ ಇವ್ನಿ."

ಒಂದು ಸುತ್ತು ಹೆಚ್ಚಾಗುತ್ತದೆ, ಹೊತ್ತಾಗುತ್ತದೆ, ಮೇಲಿನ ಬೀದಿಯವರು ಏನೆನ್ನುತ್ತಾರೋ ಎಂದು ಗೊಣಗಿ, ಯುವರಾಜ್ ತೋಟದ ಕೆಲಸ ಮುಗಿಸಿದ ಹೆಂಗಸರನ್ನು ಕರೆತರಲು ತೋವಿನಕೆರೆಗೆ ಹೊರಡುತ್ತಾರೆ. ಸಣ್ಣರಂಗಯ್ಯನವರ ಮುಖ ಸಣ್ಣದಾಗುತ್ತದೆ. ಎಷ್ಟೋ ವರ್ಷದಿಂದ ಎಲ್ಲರ ಕಣ್ಣಿಗೂ ಬೀಳುತ್ತಿದ್ದ ಸಂಗತಿ. ಅದನ್ನು ಬಾಯಿ ಬಿಟ್ಟು ಹೇಳುವುದಕ್ಕೆ ಹೆಂಡತಿಯ ಸೊಂಟ ಮುರಿಯಬೇಕಾಯಿತಲ್ಲ ಎಂಬ ಸಂಕಟ ಅವರದು. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡ ಪಾಪಕ್ಕ ಏನೂ ಕೇಳದವರ ಹಾಗೆ ಲೋಟ ತೊಳೆಯುತ್ತಾರೆ.

"ಮನೇಲಿ ಕೂತು ಕೂತು ಸಾಕಾಗೈತೆ ಕಣಣ್ಣ," ಎಂದು ಆಮೇಲೆ ಅವರೇ ನಮ್ಮೆದುರು ಬಾಯಿಬಿಡುತ್ತಾರೆ. "ಡಾಕ್ಟ್ರು ಓಗ್ಬೋದು ಅಂದವ್ರೆ. ಹೂವ ಬಿಡಿಸ್ತಾ ಮಾತಾಡ್ತಿದ್ವಲ್ಲ, ಆ ಮಾತಿಲ್ದೆ ಬಾಯೇ ಕಟ್ಟೋದಂಗೆ ಆಗೈತೆ. ಆದ್ರೆ ಪಿಕಪ್ ಸದ್ದು ಕೇಳಿದ್ರೆ ಸಾಕು, ಸ್ವಾಂಟದಾಗೆ ಚಳುಕು ಬತ್ತದೆ. ಇವ್ರು ಕಟ್ಟಿದ್ದೇ ಪಟ್ಟೆ ಆವತ್ತೂ."

ಮಾರನೆಯ ಬೆಳಿಗ್ಗೆ ಸಣ್ಣರಂಗಯ್ಯ ಕಾಲೋನಿಯ ಬಾಯಲ್ಲಿ ನಿಂತಿದ್ದಾರೆ. ಹಿಂದೆ ಪಾಪಕ್ಕ, ಕೈಯಲ್ಲಿ ಬುತ್ತಿ. ಬರುವುದಾಗಿ ಇನ್ನೂ ಹೇಳಿಲ್ಲ, ಆದರೆ ಬುತ್ತಿ ಕಟ್ಟಿಕೊಂಡಿದ್ದಾರೆ. ಊರಿನ ಕಡೆಯಿಂದ ಗಾಡಿಯ ದೀಪ ಕಾಣುತ್ತದೆ. ಮೇಲಿನ ಬೀದಿಯನ್ನು ಮುಗಿಸಿಕೊಂಡೇ ಬಂತೇನೋ ಎಂದು ಸಣ್ಣರಂಗಯ್ಯ ಕಣ್ಣು ಕಿರಿದು ಮಾಡುತ್ತಾರೆ. ದೀಪ ಮರದ ಕೊಂಬೆಗೆ ಹೋಗದೆ ನೆಲದ ಮೇಲೇ ಬೀಳುತ್ತಿದೆ. ಗಾಡಿ ಬಂದು ನಿಲ್ಲುತ್ತದೆ. ತೊಟ್ಟಿ ಖಾಲಿ.

"ಹತ್ತಿ ಹತ್ತಿ, ಹೊತ್ತಾಯ್ತದೆ," ಎಂದಷ್ಟೇ ಹೇಳಿ ಯುವರಾಜ್ ಮುಖ ಆಚೆ ತಿರುಗಿಸುತ್ತಾರೆ.

ಕಾಲೋನಿಯ ಹೆಂಗಸರು ಒಂದು ಗಳಿಗೆ ಹತ್ತುವುದಿಲ್ಲ. ಖಾಲಿ ಗಾಡಿಯಲ್ಲಿ ಎಲ್ಲಿ ಕೂರಬೇಕೆಂದು ಆರಿಸಿಕೊಂಡು ಅವರಿಗೆ ಅಭ್ಯಾಸವಿಲ್ಲ. ಪಾಪಕ್ಕ ಗಂಡನ ಹೆಗಲು ಹಿಡಿದು ಮೇಲೇರಿ, ಕ್ಯಾಬಿನ್ನಿಗೆ ಒರಗಿ ಕೂತ ಮೇಲೆ ಉಳಿದವರೂ ಏರುತ್ತಾರೆ. ಸಣ್ಣರಂಗಯ್ಯ ತುದಿಯಲ್ಲಿ, ಆವತ್ತು ಹೆಂಡತಿ ಕೂತಿದ್ದ ಜಾಗದಲ್ಲೇ ಕೂರುತ್ತಾರೆ.

ಮೇಲಿನ ಬೀದಿಯಲ್ಲಿ ಕಮಲಾಕ್ಷಮ್ಮ ಒಂದು ಕಾಲು ಮೇಲಿಟ್ಟು ನಿಂತೇಬಿಡುತ್ತಾರೆ. "ಇದೇನಿದು? ನಮಗೇನ್ ಮಂಡಿ ನೋವಿಲ್ವಾ?" ಎನ್ನುವ ಮಾತು ಗಟ್ಟಿಯಾಗಿಯೇ ಬರುತ್ತದೆ. ಪಾಪಕ್ಕ ಏಳಲು ಕೈ ಊರುತ್ತಾರೆ, ಅದು ಹಳೆಯ ಅಭ್ಯಾಸ. ಏಳುವಾಗ ಸೊಂಟದ ಬೆಲ್ಟು ಸೀರೆಯ ಸಂದಿನಿಂದ ಕಾಣುತ್ತದೆ. ಕಮಲಾಕ್ಷಮ್ಮ ಅದನ್ನು ನೋಡುತ್ತಾರೆ.

"ಕೂತ್ಕೊಳೇ ಪಾಪಕ್ಕ, ಎದ್ದು ಇನ್ನೊಂದ್ ಸಲ ಬೀಳ್ಬೇಡ," ಎಂದು ಗದರಿಸಿ ಹಿಂದೆ ಕೂರುತ್ತಾರೆ. ಕೂತ ಮೇಲೂ ಗೊಣಗಾಟ ನಿಲ್ಲುವುದಿಲ್ಲ. ಮಂಡಿ, ಚಳಿ, ಯುವರಾಜರ ತಲೆ, ಎಲ್ಲವೂ ಒಂದಾದ ಮೇಲೊಂದು ಬರುತ್ತವೆ.

ಮಧುಗಿರಿಯ ಬೆಟ್ಟ ಹಿಂದೆ ಸರಿಯುತ್ತದೆ. ಪಾಪಕ್ಕ ಬಿದ್ದ ಆ ಹಂಪು ಎಲ್ಲಿ ಬರುತ್ತದೆಂದು ಗಾಡಿಯಲ್ಲಿರುವ ಎಲ್ಲರಿಗೂ ಗೊತ್ತು, ಮಾತು ತಾನಾಗಿ ನಿಲ್ಲುತ್ತದೆ. ಪಾಪಕ್ಕ ಕಣ್ಣು ಮುಚ್ಚಿ, ಪಕ್ಕದವಳ ಕೈ ಹಿಡಿದಿದ್ದಾರೆ. ಸಣ್ಣರಂಗಯ್ಯ ಅಂಗೈಯನ್ನು ತೊಟ್ಟಿಯ ತಗಡಿನ ಮೇಲೆ ಊರುತ್ತಾರೆ. ಮುಂದಿನ ಚಕ್ರ ಹತ್ತಿ ಇಳಿಯುತ್ತದೆ. ಹಿಂದಿನ ಚಕ್ರ ಹತ್ತುತ್ತದೆ, ಪಟ್ಟೆಗಳು ಬಗ್ಗುತ್ತವೆ, ತುದಿ ಒಮ್ಮೆ ತೂಗಿ ಇಳಿಯುತ್ತದೆ. ಕೆಳಗಿನ ದಪ್ಪ ಪಟ್ಟೆ ಸದ್ದು ಮಾಡುವುದಿಲ್ಲ. ಕಮಲಾಕ್ಷಮ್ಮ ಗೊಣಗಾಟವನ್ನು ನಿಲ್ಲಿಸಿದ್ದ ಕಡೆಯಿಂದಲೇ ಮತ್ತೆ ಶುರು ಮಾಡುತ್ತಾರೆ. ತುದಿಯಲ್ಲಿ ಕೂತ ಸಣ್ಣರಂಗಯ್ಯನವರ ಕಣ್ಣು ತುಂಬಿದೆ. ಗಾಳಿಗೆ ಎಂದು ಅವರು ಒರೆಸಿಕೊಳ್ಳುತ್ತಾರೆ.

ತೋವಿನಕೆರೆಯ ತೋಟದ ಬದಿಯಲ್ಲಿ ಎಲ್ಲರೂ ಇಳಿಯುತ್ತಾರೆ. ಕೈ ನೀಡಿದ ಗಂಡನನ್ನು ಪಕ್ಕಕ್ಕೆ ಸರಿಸಿ ಪಾಪಕ್ಕ ಒಬ್ಬರೇ, ನಿಧಾನವಾಗಿ, ಕೆಳಗಿಳಿಯುತ್ತಾರೆ. ಬುತ್ತಿಯನ್ನು ಕಂಕುಳಿಗೆ ಸೇರಿಸಿ ಯುವರಾಜರ ಕಿಟಕಿಯ ಹತ್ತಿರ ಹೋಗುತ್ತಾರೆ.

"ನಾಳೆ ಮೊದ್ಲು ಕಮಲಾಕ್ಷಮ್ಮಾರ ಕಡೀಕೆ ಓಗ್ಬೇಕಲ್ವಾ?"

"ಹೂಂ ಅಕ್ಕ. ನಾಳೆ ಅವ್ರ ಸರದಿ. ನಿಮ್ಗೆ ತುದೀನೇ ಸಿಗೋದು. ನೀನ್ ಬೇಕಾದ್ರೆ ನಾಡಿದ್ದು ಬಾ."

"ಯಾಕೆ? ತುದೀಲೇ ಕೂತ್ಕತೀನಿ. ಪಟ್ಟೆ ಕಟ್ಟಿರೋದು ನಮ್ಮನೇವ್ರು ಕಣಪ್ಪ," ಎಂದು ಪಾಪಕ್ಕ ಹೂವಿನ ಸಾಲಿಗೆ ಇಳಿಯುತ್ತಾರೆ.